ಸುಮ್ಮನಿರುವಾಗಿನ ಬಿಸಿ

ಹೈಫೈ ಹುಚ್ಚು ಹಿಡಿದವರಲ್ಲಿ ಎರಡು ಪಂಗಡಗಳಿವೆ. ಆಂಪ್ಲಿಫೈಯರ್ ಮುಟ್ಟಿದರೆ ಕೈ ಸುಡಬೇಕು, ಎತ್ತಿದರೆ ಸೊಂಟ ಹಿಡಿಯಬೇಕು, ಆಗಲೇ ಅದರ ನಾದಕ್ಕೊಂದು ಘನತೆ ಎನ್ನುವವರದು ಮೊದಲನೆಯದು. ಟ್ರಾನ್ಸಿಸ್ಟರುಗಳನ್ನು ಸ್ವಿಚ್ಚಿನಂತೆ ಆನ್-ಆಫ್ ಮಾಡಿ ನಡೆಯುವ ಅಂಗೈಯಗಲದ ಕ್ಲಾಸ್ ಡಿ ಬೋರ್ಡು ತಣ್ಣಗೆ ಕೂತು ಶೇ 90ರ ದಕ್ಷತೆ ಕೊಡುವಾಗ ಈ ಕಬ್ಬಿಣದ ರಾಶಿ ಯಾಕೆ ಎಂದು ಕೇಳುವವರದು ಎರಡನೆಯದು. ಜಗಳ ಬಿಸಿಯ ಬಗ್ಗೆಯೇ ಆದರೂ ಆ ಬಿಸಿ ಯಾವ ಹೊತ್ತಿನಲ್ಲಿ ಹುಟ್ಟುತ್ತದೆ ಎಂದು ಇಬ್ಬರೂ ವಿಚಾರಿಸುವುದಿಲ್ಲ.

1969ರಲ್ಲಿ ಜಾನ್ ಲಿನ್ಸ್‌ಲಿ ಹುಡ್ ಬ್ರಿಟನ್ನಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ನಾಲ್ಕೇ ಟ್ರಾನ್ಸಿಸ್ಟರುಗಳ 10 ವ್ಯಾಟ್ ಕ್ಲಾಸ್ ಎ, ಅಂದರೆ ಮೊದಲ ಪಂಗಡದವರು ಮೆಚ್ಚುವ ಬಗೆಯ, ಆಂಪ್ಲಿಫೈಯರಿನ ನಕ್ಷೆ ಪ್ರಕಟಿಸಿದರು. ಹವ್ಯಾಸಿಗಳು ಇಂದಿಗೂ ಅದನ್ನು ಕಟ್ಟುತ್ತಾರೆ. 8 ಓಮ್ ಸ್ಪೀಕರಿಗೆ ಅದಕ್ಕೆ ಬೇಕಾದದ್ದು 27 ವೋಲ್ಟ್, 1.2 ಆಂಪಿಯರ್. ಗುಣಿಸಿದರೆ ಒಂದು ಚಾನೆಲ್ಲಿಗೆ 32 ವ್ಯಾಟ್. ಹಾಡು ಇರಲಿ, ಇಲ್ಲದಿರಲಿ, ಇಷ್ಟು ವಿದ್ಯುತ್ ಹರಿಯುತ್ತಲೇ ಇರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ಆಕ್ಸಿಲರೇಟರ್ ಒತ್ತಿಯೇ ಇಟ್ಟ ಲಾರಿಯ ಹಾಗೆ. ಇನ್ನೊಂದು ತಮಾಷೆಯೆಂದರೆ, ಜೋರಾಗಿ ನುಡಿಸಿದಾಗ ಕ್ಲಾಸ್ ಎ ಆಂಪ್ಲಿಫೈಯರ್ ಕೊಂಚ ತಣ್ಣಗಾಗುತ್ತದೆ. ಒಳಬಂದ ವಿದ್ಯುತ್ತಿನ ಒಂದು ಪಾಲು ಆಗ ಸ್ಪೀಕರಿಗೆ ಹೋಗುತ್ತದಲ್ಲ. ಅದು ಅತಿ ಹೆಚ್ಚು ಕಾಯುವುದು ಪೂರ್ಣ ಮೌನದಲ್ಲಿ.

ಹಾಗಾದರೆ ಎರಡನೇ ಪಂಗಡದವರು ಗೆದ್ದರೇ? ಅಷ್ಟು ಬೇಗ ಬೇಡ. ಪಠ್ಯಪುಸ್ತಕಗಳ ಪ್ರಕಾರ ಕ್ಲಾಸ್ ಎ ದಕ್ಷತೆ ಹೆಚ್ಚೆಂದರೆ ಶೇ 50, ಕ್ಲಾಸ್ ಬಿಯದು ಶೇ 78.5, ಕ್ಲಾಸ್ ಡಿ ನಡೆವಳಿಕೆಯಲ್ಲೇ ಶೇ 90ನ್ನು ಮುಟ್ಟುತ್ತದೆ. ಈ ಅಂಕಿಗಳೆಲ್ಲ ಆಂಪ್ಲಿಫೈಯರನ್ನು ಅದರ ಪೂರ್ತಿ ಶಕ್ತಿಗೆ ತಳ್ಳಿದಾಗಿನ ಲೆಕ್ಕ. ಮನೆಯಲ್ಲಿ ಹಾಗೆ ಕೇಳುವವರು ಯಾರು? 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಸದ್ದು ಮಾಡುವುದು ಸಾಧಾರಣ ಸ್ಪೀಕರ್. ಅಷ್ಟು ಸದ್ದಿನ ಎದುರು ಮಾತಾಡಬೇಕಾದರೆ ದನಿ ಏರಿಸಬೇಕು. ಸಂಜೆ ವೀಣೆ ಕೇಳುವಾಗ ಸರಾಸರಿ 1 ವ್ಯಾಟ್ ಕೂಡ ದಾಟುವುದಿಲ್ಲ. ಮೃದಂಗದ ಒಂದು ಗಟ್ಟಿ ಪೆಟ್ಟಿಗೆ ಕ್ಷಣಮಾತ್ರ 20-30 ವ್ಯಾಟ್ ಬೇಕಾಗಬಹುದು. ದೊಡ್ಡ ಆಂಪ್ಲಿಫೈಯರ್ ಇಟ್ಟುಕೊಳ್ಳುವುದಕ್ಕೆ ಆ ಕ್ಷಣ ಸಾಕಷ್ಟು ಕಾರಣವೇ. ಆದರೆ ಕರೆಂಟಿನ ಮೀಟರು ತಿರುಗುವುದು ಉಳಿದ ಹೊತ್ತಿನ ಲೆಕ್ಕದಲ್ಲಿ.

ಈಗ ಮತ್ತೆ ಲೆಕ್ಕ ಹಾಕಿ ನೋಡಿ. 100 ವ್ಯಾಟಿನ ಆದರ್ಶ ಕ್ಲಾಸ್ ಬಿ ಆಂಪ್ಲಿಫೈಯರ್ 1 ವ್ಯಾಟ್ ಕೊಡುವಾಗ ಸುಮಾರು 12.7 ವ್ಯಾಟ್ ಎಳೆಯುತ್ತದೆ. ಶೇ 78.5 ಇದ್ದದ್ದು ಶೇ 8ಕ್ಕೆ ಇಳಿಯಿತು. ಕ್ಲಾಸ್ ಡಿಗೂ ತನ್ನ ಸ್ವಿಚಿಂಗಿಗೆ, ಪವರ್ ಸಪ್ಲೈಗೆ ಕೆಲವು ವ್ಯಾಟ್ ಬೇಕೇ ಬೇಕು. 1 ವ್ಯಾಟ್ ಸಂಗೀತಕ್ಕೆ ಅದು 8 ವ್ಯಾಟ್ ತಿಂದರೆ ಡಬ್ಬಿಯ ಮೇಲಿನ 90ಕ್ಕೆ ಅರ್ಥವೇ ಉಳಿಯುವುದಿಲ್ಲ. ಕ್ಲಾಸ್ ಡಿ ಆಗಲೂ ಮುಂದಿದೆ, ನಿಜ. ಆದರೆ ಅಂತರ ಶೇಕಡಾವಾರಿನಲ್ಲಿಲ್ಲ, ಸುಮ್ಮನಿದ್ದಾಗ ಎಷ್ಟು ವ್ಯಾಟ್ ಎಂಬುದರಲ್ಲಿದೆ.

ಕ್ಲಾಸ್ ಎ ಪಕ್ಷದ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕ್ಲಾಸ್ ಬಿಯಲ್ಲಿ ತರಂಗದ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ಸಣ್ಣ ಮುರುಕು ಬೀಳುತ್ತದೆ, ಮೆಲುದನಿಯಲ್ಲಿ ಅದೇ ಎದ್ದು ಕಾಣುತ್ತದೆ. ಅಂದರೆ ನಾವು ನಿಜವಾಗಿ ಕೇಳುವ ಮಟ್ಟದಲ್ಲೇ ದೋಷ ಹೆಚ್ಚು. ಅಮೆರಿಕದ ನೆಲ್ಸನ್ ಪಾಸ್ ತಮ್ಮ ಕಿರು ಕಂಪನಿಗೆ 'ಫಸ್ಟ್ ವ್ಯಾಟ್' ಎಂದು ಹೆಸರಿಟ್ಟದ್ದರ ಹಿಂದೆ ಇದೇ ತರ್ಕವಿದೆ. ಆದರೆ ಈ ರೋಗಕ್ಕೆ ಬಿಸಿಯೊಂದೇ ಮದ್ದಲ್ಲ. ಎರಡೂ ಟ್ರಾನ್ಸಿಸ್ಟರುಗಳಲ್ಲಿ ಅಲ್ಪ ವಿದ್ಯುತ್ ಸದಾ ಹರಿಯಬಿಟ್ಟು, ಮೇಲೆ ನೆಗೆಟಿವ್ ಫೀಡ್‌ಬ್ಯಾಕ್ ಕೊಟ್ಟರೆ ಆ ಮುರುಕು ಕಿವಿಗೆ ನಿಲುಕದಷ್ಟು ತಗ್ಗುತ್ತದೆ. ಪೀಟರ್ ವಾಕರ್ ಅವರ ಕ್ವಾಡ್ ಕಂಪನಿ 1975ರಲ್ಲಿ ತಂದ 405 ಮಾದರಿಯಲ್ಲಿ ನವುರಿನ ಕೆಲಸ ಚಿಕ್ಕ ಕ್ಲಾಸ್ ಎ ಭಾಗದ್ದು, ಭಾರ ಹೊರುವುದು ಸುಮ್ಮನಿದ್ದಾಗ ವಿದ್ಯುತ್ ಕೇಳದ ದೊಡ್ಡ ಟ್ರಾನ್ಸಿಸ್ಟರುಗಳದ್ದು. ಬಿಸಿಯೇ ಗುಣವೆಂಬುದು ಅಂದಿನಿಂದಲೂ ನಂಬಿಕೆಯ ಮಾತು.

ಬಿಸಿಯ ಬೆಲೆ ಊರಿಂದೂರಿಗೆ ಬೇರೆ. ಚಳಿಗಾಲದ ಲಂಡನ್ನಿನಲ್ಲಿ ಆಂಪ್ಲಿಫೈಯರಿನ ಶಾಖ ಕೋಣೆಯ ಹೀಟರಿನ ಕೆಲಸವನ್ನಾದರೂ ಒಂದಿಷ್ಟು ತಗ್ಗಿಸುತ್ತದೆ. ಎ.ಸಿ. ಹಾಕಿಕೊಂಡು ಕೂತ ನಮ್ಮ ಕೋಣೆಯಲ್ಲಿ ಆ ಶಾಖವನ್ನು ಹೊರಹಾಕಲಿಕ್ಕೆ ಇನ್ನೊಮ್ಮೆ ದುಡ್ಡು ತೆರಬೇಕು. ಹೀಟ್‌ಸಿಂಕ್ ಸುತ್ತಲಿನ ಗಾಳಿಗಿಂತ 35 ಡಿಗ್ರಿ ಹೆಚ್ಚು ಕಾಯುತ್ತದೆ ಎಂದಿಟ್ಟುಕೊಳ್ಳಿ. 20 ಡಿಗ್ರಿಯ ಕೋಣೆಯಲ್ಲಿ ಅದು 55, ಏಪ್ರಿಲ್‌ನ ಕಲಬುರಗಿಯ ಮಧ್ಯಾಹ್ನದ 42 ಡಿಗ್ರಿಯಲ್ಲಿ 77. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧಕ್ಕಿಳಿಯುತ್ತದೆಂಬುದು ತಂತ್ರಜ್ಞರ ಅಂದಾಜು. ಅದರ ಮೇಲೆ ನಾವು ಆಂಪ್ಲಿಫೈಯರನ್ನು ಷೋಕೇಸಿನ ಗಾಜಿನ ಹಿಂದೆ ಕೂರಿಸಿ, ಕ್ರೋಶಾ ಹೆಣೆದ ಬಟ್ಟೆಯನ್ನೂ ಹೊದಿಸುತ್ತೇವೆ.

ಇಷ್ಟೆಲ್ಲ ವಾದದ ನಡುವೆ ದೊಡ್ಡ ಪೋಲುಗಾರ ನುಣುಚಿಕೊಳ್ಳುತ್ತಾನೆ. ಮನೆಯ ಸಾಧಾರಣ ಸ್ಪೀಕರ್ ತನಗೆ ಬಂದ ವಿದ್ಯುತ್ತಿನಲ್ಲಿ ಸದ್ದಾಗಿ ಬದಲಿಸುವುದು ಶೇ 1ಕ್ಕಿಂತಲೂ ಕಡಿಮೆ. ಮಿಕ್ಕದ್ದು ಅದರ ಕಾಯಿಲ್ಲಿನಲ್ಲಿ ಬಿಸಿಯಾಗುತ್ತದೆ. 84 ಡೆಸಿಬೆಲ್ಲಿನ ಸ್ಪೀಕರಿನ ಜಾಗದಲ್ಲಿ 90 ಡೆಸಿಬೆಲ್ಲಿನದನ್ನು ಇಟ್ಟರೆ ಅಷ್ಟೇ ಸದ್ದಿಗೆ ಕಾಲುಭಾಗ ವ್ಯಾಟ್ ಸಾಕು. ಆಗ ಚಿಕ್ಕ ಆಂಪ್ಲಿಫೈಯರೇ ಸಾಕಾಗುತ್ತದೆ, ಅದು ಸುಮ್ಮನಿದ್ದಾಗ ತಿನ್ನುವುದೂ ಕಡಿಮೆ. ಅಂಗಡಿಯಲ್ಲಿ ಆಂಪ್ಲಿಫೈಯರಿನ ವ್ಯಾಟನ್ನು ವಿಚಾರಿಸದವರಿಲ್ಲ, ಸ್ಪೀಕರಿನ ಡೆಸಿಬೆಲ್ ಕೇಳುವವರು ಅಪರೂಪ.

ಮೇಲಾಗಿ, ಗಂಟೆಗಳ ಲೆಕ್ಕ ಕ್ಲಾಸಿನ ಅಕ್ಷರಕ್ಕಿಂತ ದೊಡ್ಡದು. 300 ವ್ಯಾಟ್ ಎಳೆಯುವ ಕ್ಲಾಸ್ ಎ ದೈತ್ಯನನ್ನು ಊಟವಾದ ಮೇಲೆ ದಿನಕ್ಕೊಂದು ಗಂಟೆ ಹಚ್ಚಿದರೆ ತಿಂಗಳಿಗೆ 9 ಯೂನಿಟ್. ಸುಮ್ಮನಿದ್ದಾಗ 50 ವ್ಯಾಟ್ ಎಳೆಯುವ ಹೋಂ ಥಿಯೇಟರ್ ರಿಸೀವರನ್ನು ಹಗಲೂ ರಾತ್ರಿ ಆನ್ ಬಿಟ್ಟರೆ 36 ಯೂನಿಟ್. ಮೊದಲನೆಯವನನ್ನು ಪರಿಸರದ್ರೋಹಿ ಎಂದು ಬೈಯುವ ಮುನ್ನ ಎರಡನೆಯವನ ಮನೆಗೊಮ್ಮೆ ಹೋಗಿಬರಬೇಕು. ಐರೋಪ್ಯ ಒಕ್ಕೂಟ ಇದನ್ನು ಗುರುತಿಸಿತು. ಡಿಸ್‌ಪ್ಲೇ ಇಲ್ಲದ ಉಪಕರಣ ಸ್ಟ್ಯಾಂಡ್‌ಬೈಯಲ್ಲಿ 0.5 ವ್ಯಾಟ್ ಮೀರಬಾರದು, ಕೆಲಸವಿಲ್ಲದಾಗ ತಾನಾಗಿ ಸ್ಟ್ಯಾಂಡ್‌ಬೈಗೆ ಇಳಿಯಬೇಕು ಎಂಬ ನಿಯಮ ಅಲ್ಲಿ 2013ರಿಂದ ಜಾರಿಯಲ್ಲಿದೆ.

ಒಂದು ಕಡೆ ಮಾತ್ರ ನಾನು ಹಳೆಯ ಆಂಪ್ಲಿಫೈಯರಿನ ಪರ. 2ಎನ್3055 ಟ್ರಾನ್ಸಿಸ್ಟರಿನ ಪೆಟ್ಟಿಗೆ ಕೆಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಸಿಗುತ್ತದೆ, ಊರಿನ ರೇಡಿಯೊ ರಿಪೇರಿಯವರೂ ಅದನ್ನು ಬೆಸುಗೆ ಹಾಕಿ ಎಬ್ಬಿಸುತ್ತಾರೆ. ಕ್ಲಾಸ್ ಡಿ ಬೋರ್ಡಿನ ಅಕ್ಕಿಕಾಳಿನಷ್ಟು ಬಿಡಿಭಾಗ ಸುಟ್ಟರೆ ಸಾಮಾನ್ಯವಾಗಿ ಬೋರ್ಡೇ ಕಸಕ್ಕೆ. ಹಳತನ್ನು ಬಿಟ್ಟು ಹೊಸದಕ್ಕೆ ಹೋದರೆ ಸುಮ್ಮನಿದ್ದಾಗಿನ 20 ವ್ಯಾಟ್ ಉಳಿಯಿತೆನ್ನೋಣ. ದಿನಕ್ಕೆ ಮೂರು ಗಂಟೆಯಂತೆ ವರ್ಷಕ್ಕೆ 22 ಯೂನಿಟ್. ಅಷ್ಟಕ್ಕಾಗಿ ಚೆನ್ನಾಗಿ ಹಾಡುತ್ತಿರುವ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ನನ್ನ ಒಪ್ಪಿಗೆಯಿಲ್ಲ. ಅದು ರಿಪೇರಿಗೂ ಒಗ್ಗದ ದಿನ ಬಂದಾಗ ಕ್ಲಾಸ್ ಡಿ ತಂದರಾಯಿತು.