ಕಡ್ಲಿ ಕುಡಿ ಚಿವುಟುವ ಕೈ ದಾಸವಾಳದ ಮುಂದೆ ಹಿಂಜರಿಯುವುದೇಕೆ?

ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ ಗೇಣುದ್ದ ಬಂದಿತೆಂದರೆ ಹೆಣ್ಣುಮಕ್ಕಳು ಸಾಲು ಹಿಡಿದು ಕುಡಿ ಚಿವುಟುತ್ತಾರೆ. ಬೆರಳಿಗೆ ಹುಳಿ ಹತ್ತುತ್ತದೆ, ಉಡಿ ತುಂಬ ಪಲ್ಲೆ ಸೇರುತ್ತದೆ. ಕೆಲವೇ ದಿನಗಳಲ್ಲಿ ಒಂದು ಕುಡಿ ಇದ್ದಲ್ಲಿ ಮೂರು ನಾಲ್ಕು ಟಿಸಿಲು ಒಡೆದಿರುತ್ತವೆ. ಟಿಸಿಲು ಹೆಚ್ಚಿದರೆ ಕಾಯಿ ಹೆಚ್ಚು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪುಂಡಿಪಲ್ಲೆಯ ಗಿಡದ ಲೆಕ್ಕವೂ ಇದೇ, ಚಿವುಟಿದಷ್ಟೂ ಚಿಗುರು. ಆದರೆ ಅದೇ ಮನೆಯ ಹಿತ್ತಲಿಗೆ ಬಂದರೆ ದಾಸವಾಳ, ಈ ಭಾಗದ ಬಾಯಲ್ಲಿ ದಾಸಾಳ, ಗೋಡೆ ದಾಟಿ ಬೆಳೆದು ನಿಂತಿರುತ್ತದೆ. ಕೆಳಗೆಲ್ಲ ಬರೀ ಕಟ್ಟಿಗೆ, ತುದಿಯಲ್ಲಿ ನಾಲ್ಕು ಹೂ, ಅವನ್ನು ಹರಿಯಲು ಕೊಕ್ಕೆಕೋಲು ಬೇಕು. ಕತ್ತರಿಸಿ ಅಂದರೆ, ‘ಹೂ ಬಿಡೋ ಗಿಡಕ್ಕ ಕತ್ತರಿ ಹಚ್ಚಬಾರದು’ ಎಂಬ ಉತ್ತರ ಸಿದ್ಧ. ಹೊಲದಲ್ಲಿ ಕರಗತವಾದ ವಿದ್ಯೆಯನ್ನು ಹಿತ್ತಲಲ್ಲಿ ನಾವು ಕೈಬಿಟ್ಟಿದ್ದೇವೆ ಎಂಬುದೇ ನನ್ನ ತಕರಾರು. ಗಿಡ ಸವರುವುದು, ಸಸಿ ಮಾಡುವುದು ಎರಡೂ ಒಂದೇ ದಿನದ, ಒಂದೇ ಕತ್ತರಿಯ ಕೆಲಸ.

ಕಾರಣ ಸರಳವಾಗಿದೆ. ಟೊಂಗೆಯ ತುದಿಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕ ಕೆಳಗಿಳಿಯುತ್ತ ಪಕ್ಕದ ಮೊಗ್ಗುಗಳನ್ನು ಮಲಗಿಸಿಬಿಡುತ್ತದೆ. ತುದಿ ಹೋದರೆ ಅವು ಏಳುತ್ತವೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಳೆಯ ಕಟ್ಟಿಗೆಯಲ್ಲಲ್ಲ. ಹಾಗಾಗಿ ಕತ್ತರಿ ಕಾಣದ ಗಿಡ ವರ್ಷದಿಂದ ವರ್ಷಕ್ಕೆ ಹೂವನ್ನು ಇನ್ನಷ್ಟು ಮೇಲಕ್ಕೆ ಒಯ್ಯುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಇನ್ನೊಂದು ಸಂಗತಿ: ಹಿತ್ತಲ ದಾಸವಾಳ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಬೆಂಡೆ, ಹತ್ತಿ, ಪುಂಡಿಗಳ ಬಳಗದ್ದೇ ಆದರೂ ಇದರ ವಂಶ ಮುಂದುವರಿಯುವುದು ಮನುಷ್ಯ ಊರುವ ಕಡ್ಡಿಯಿಂದ. ಊಟಿಯಂಥ ತಂಪು ಗುಡ್ಡಗಳಲ್ಲಿ ಜುಮುಕಿಯಂತೆ ತೂಗುವ ಫ್ಯೂಷಿಯಾ ಗಿಡಕ್ಕೂ ಹೊಸ ಚಿಗುರಲ್ಲೇ ಹೂ. ಅದನ್ನು ಬೆಳೆಸುವವರು ತುದಿ ಚಿವುಟುತ್ತಾರೆ, ಚಿವುಟಿದ್ದನ್ನೇ ಊರಿ ಹೊಸ ಗಿಡ ಮಾಡುತ್ತಾರೆ. ಫ್ಯೂಷಿಯಾ ನಮ್ಮ ಬಯಲಿನ ಏಪ್ರಿಲ್ ತಾಳದು, ಅದರ ಆಸೆ ಬಿಡೋಣ. ಆ ರೂಢಿಯನ್ನು ಮಾತ್ರ ತರಬಹುದು.

‘ಎರಿ ಮಣ್ಣಾಗ ಕಡ್ಡಿ ಹತ್ತೂದಿಲ್ಲ’ ಎನ್ನುವವರ ಮಾತಿನಲ್ಲಿ ಹುರುಳಿದೆ. ಎರೆಮಣ್ಣು ನೀರು ಕುಡಿದರೆ ಉಬ್ಬಿ ಗಾಳಿಯ ದಾರಿ ಮುಚ್ಚುತ್ತದೆ, ಕಡ್ಡಿಯ ಬುಡ ಕೊಳೆಯುತ್ತದೆ. ಒಣಗಿದರೆ ಬಿರಿದು ಎಳೆಬೇರನ್ನು ಹರಿಯುತ್ತದೆ. ಮೇಲಾಗಿ ನವಲಗುಂದ, ಅಣ್ಣಿಗೇರಿ ಭಾಗದ ಬಹಳಷ್ಟು ಕಡೆ ಕೊಳವೆಬಾವಿಯ ನೀರು ಸವಳು, ಕುಡಿಯಲು ಕೆರೆಯೇ ಗತಿ. ಆದರೆ ಬೇರು ಬರುವವರೆಗೆ ಕಡ್ಡಿಯನ್ನು ಎರೆಯಲ್ಲೇ ಊರಬೇಕೆಂದು ಯಾರು ಹೇಳಿದರು? ತೂತು ಹೊಡೆದ ಹಳೇ ಡಬ್ಬಿ, ಅರ್ಧ ಉಸುಕು, ಉಳಿದರ್ಧ ಕೆಂಪುಮಣ್ಣು ಮತ್ತು ಪುಡಿಯಾದ ತಿಪ್ಪೆಗೊಬ್ಬರ ಸಾಕು. ಕೆಂಪುಮಣ್ಣಿಗೆ ಕಲಘಟಗಿ ಕಡೆಯ ನೆಂಟರಿದ್ದರೆ ಒಂದು ಚೀಲ ತರಿಸಿಕೊಳ್ಳಬಹುದು. ಪೆನ್ಸಿಲ್ ದಪ್ಪದ, ಗೇಣಿಗಿಂತ ಚೂರು ಚಿಕ್ಕದಾದ, ಮೂರ್ನಾಲ್ಕು ಗಿಣ್ಣು ಇರುವ ಕಡ್ಡಿ ಆರಿಸಿ, ಕೆಳಗಿನ ಗಿಣ್ಣಿನ ಸರಿ ಬುಡಕ್ಕೆ ಓರೆಯಾಗಿ ಕೊಯ್ಯಬೇಕು. ಬೇರು ಒಡೆಯುವುದು ಹೆಚ್ಚಾಗಿ ಅಲ್ಲೇ. ಕತ್ತರಿಯ ಬಾಯಿ ಹರಿತವಿದ್ದರೆ ಕೊಯ್ದ ಜಾಗ ಲೋಳೆಯಿಂದ ಮಿನುಗುತ್ತದೆ. ಮೊಂಡಾಗಿದ್ದರೆ ತೊಗಟೆ ಜಜ್ಜಿ ನಾರು ಬಿಡುತ್ತದೆ, ಅಂಥದ್ದು ಕೊಳೆಯುವುದೇ ಹೆಚ್ಚು. ಮೇಲಿನೆರಡು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ. ಎರಡು ಗಿಣ್ಣು ಮಣ್ಣೊಳಗಿರಲಿ, ಡಬ್ಬಿ ನೆರಳಲ್ಲಿರಲಿ. ಹೊಸ ಎಲೆ ಕಂಡ ಕೂಡಲೇ ಬೇರು ಬಂತೆಂದು ಹಿಗ್ಗಬೇಡಿ. ಕಡ್ಡಿ ತನ್ನೊಳಗಿನ ಕೂಡಿಟ್ಟ ಆಹಾರದಿಂದಲೂ ಚಿಗುರಬಲ್ಲದು. ಐದಾರು ವಾರದ ಮೇಲೆ ಮೆಲ್ಲಗೆ ಜಗ್ಗಿದಾಗ ಅದು ಹಿಡಿತ ಬಿಡದಿದ್ದರೆ ಹತ್ತಿದೆ ಎಂದರ್ಥ. ಸವಳು ನೀರಿಗೆ ಉತ್ತರ ಮಳೆಯೇ: ಮಿರಗ, ಆರಿದ್ರಾ ಹೊತ್ತಿಗೆ ಮೋಡ ಕವಿದ ತಂಪು ಹವೆ, ತಗಡಿನಿಂದ ಇಳಿಯುವ ಸಿಹಿನೀರು, ಎರಡೂ ಬಿಟ್ಟಿ.

‘ಶ್ರಾವಣದ ಪೂಜೆಗೆ ಹೂ ಇಲ್ಲದಂತಾದರೆ?’ ಎಂಬುದು ನ್ಯಾಯವಾದ ಆತಂಕ. ಸವರಿದ ಟೊಂಗೆ ಮತ್ತೆ ಹೂ ಬಿಡಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಆದ್ದರಿಂದ ಒಮ್ಮೆಗೆ ಮೂರರಲ್ಲಿ ಒಂದು ಪಾಲು ಟೊಂಗೆ ಮಾತ್ರ ತೆಗೆಯಿರಿ, ಉಳಿದವು ದೇವರ ಪಾಲು ನೋಡಿಕೊಳ್ಳುತ್ತವೆ. ಸವರಿದವು ಗಣೇಶ ಚೌತಿಯ ಆಸುಪಾಸಿಗೆ ಹೂ ತರಬಹುದು. ಹಂಚುವ ಕಡ್ಡಿಯೊಂದಿಗೆ ಹಿಟ್ಟುತಿಗಣೆಯೂ ಊರೆಲ್ಲ ಹಂಚಿಹೋದೀತು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹತ್ತಿ ಬೆಳೆಯುವ ಕುಂದಗೋಳದಂಥ ಸೀಮೆಯಲ್ಲಿ ಇದನ್ನು ಲಘುವಾಗಿ ಕಾಣುವಂತಿಲ್ಲ, ಯಾಕೆಂದರೆ ಹತ್ತಿಗೆ ಬೀಳುವ ಹಿಟ್ಟುತಿಗಣೆ ದಾಸವಾಳದ ಮೇಲೂ ಬದುಕುತ್ತದೆ. ಬಿಳಿ ಹಿಟ್ಟು ಕಂಡ, ತುದಿ ಮುರುಟಿದ ಟೊಂಗೆಯನ್ನು ಊರಬಾರದು, ತಿಪ್ಪೆಗೂ ಎಸೆಯಬಾರದು, ಸುಡಬೇಕು. ಹಾಗೆ ನೋಡಿದರೆ ಸವರದೆ ಬಿಟ್ಟ ಒತ್ತು ಗಿಡವೇ ತಿಗಣೆಗೆ ಒಳ್ಳೆಯ ಮನೆ. ನರ್ಸರಿಯ ದೊಡ್ಡ ಹೂವಿನ ಹೈಬ್ರಿಡ್ ಬೇಕೆನ್ನುವವರು ಕೊಳ್ಳಲಿ. ಆದರೆ ಓಣಿಯಲ್ಲಿ ಹತ್ತಾರು ಬೇಸಿಗೆ ಬಾಳಿದ ಗಿಡದ ಕಡ್ಡಿ ಇಲ್ಲಿನ ಬಿಸಿಲಿಗೆ ಪಾಸಾದದ್ದು, ದುಡ್ಡೂ ಬೇಡ.

ಮಿರಗ ಜೂನ್ 7ರ ಸುಮಾರಿಗೆ ಕೂಡುತ್ತದೆ, ಆರಿದ್ರಾ 21ರ ಸುಮಾರಿಗೆ. ಅಷ್ಟರೊಳಗೆ ಕತ್ತರಿಗೆ ಸಾಣೆ ಹಿಡಿಸಿ ಇಟ್ಟುಕೊಳ್ಳಿ. ನೆರೆಮನೆಗೂ ಎರಡು ಕಡ್ಡಿ ತೆಗೆದಿಡಿ.