ಗೆದ್ದವರ ಕೈಗೆ ಹಣ ಸೇರುವುದು ಯಾವಾಗ?

ಉಪವಿಭಾಗಾಧಿಕಾರಿ ಕಚೇರಿಯ ಕುರ್ಚಿ, ಮೇಜು, ಕಂಪ್ಯೂಟರುಗಳನ್ನು ಕೋರ್ಟಿನ ಅಮೀನರು ಹೊರಗೆ ಸಾಗಿಸುವ ಚಿತ್ರ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ಕೆಲವೊಮ್ಮೆ ಜಪ್ತಿಯಾಗುವುದು ಅಧಿಕಾರಿಯ ಜೀಪು, ಕೆಲವೊಮ್ಮೆ ಅಪಘಾತ ಪರಿಹಾರ ಕೊಡದ ಸಾರಿಗೆ ನಿಗಮದ ಬಸ್ಸು. ಜಮೀನು ಬಿಟ್ಟುಕೊಟ್ಟು, ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಹೆಚ್ಚುವರಿ ಪರಿಹಾರದ ಆದೇಶ ಪಡೆದು, ಆಮೇಲೆ ಅಮಲ್ಜಾರಿ ಅರ್ಜಿಯನ್ನೂ ಹಾಕಿದ ರೈತನೊಬ್ಬ ಆ ಚಿತ್ರದ ಹಿಂದಿರುತ್ತಾನೆ. ಅವನಿಗೆ ಬೇಕಾದದ್ದು ಕುರ್ಚಿಯಲ್ಲ, ಹಣ. ಕಚೇರಿಯಿಂದ ಬರುವ ಉತ್ತರ ಮಾತ್ರ ಸಾಮಾನ್ಯವಾಗಿ ಒಂದೇ: ಮೇಲ್ಮನವಿ ಹಾಕುತ್ತಿದ್ದೇವೆ, ಕಾಲಾವಕಾಶ ಕೊಡಿ.

ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ಹಣ ಕೊಡುವ ಹೊಣೆ ನಿಲ್ಲುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ತಡೆಯಾಜ್ಞೆ ಬೇಕಿದ್ದರೆ ಬೇರೆಯಾಗಿ ಕೇಳಬೇಕು. ತಡೆ ಸಿಗದಿದ್ದರೆ ಗಣನೀಯ ನಷ್ಟವಾಗುತ್ತದೆಂದು ತೋರಿಸಬೇಕು, ವಿಳಂಬ ಮಾಡದೆ ಬರಬೇಕು, ಸೋತರೆ ಹಣ ಕೊಡುವುದಕ್ಕೆ ಭದ್ರತೆ ಒದಗಿಸಬೇಕು. ಹಣದ ಡಿಕ್ರಿಯಾದರೆ ವಿವಾದದ ಮೊತ್ತವನ್ನು ಠೇವಣಿ ಇಡಿ ಅಥವಾ ಭದ್ರತೆ ಕೊಡಿ ಎನ್ನುವ ಅಧಿಕಾರ ಮೇಲ್ಮನವಿ ನ್ಯಾಯಾಲಯಕ್ಕಿದೆ. ಅಂದರೆ ಕಾನೂನಿನ ಪ್ರಕಾರ ಕೊಡುವುದೇ ನಿಯಮ, ತಡೆ ಅದಕ್ಕೆ ಅಪವಾದ. ನಡೆಯುತ್ತಿರುವುದು ಬಹುಮಟ್ಟಿಗೆ ತಿರುಗುಮುರುಗು.

ಸರ್ಕಾರಕ್ಕಂತೂ ಅದೇ ಸಂಹಿತೆಯ 27ನೇ ಆದೇಶದ 8ಎ ನಿಯಮ ಭದ್ರತೆ ಕೊಡುವ ಹೊಣೆಯಿಂದಲೇ ವಿನಾಯಿತಿ ನೀಡಿದೆ. ವಸಾಹತು ಕಾಲದ ಈ ರಕ್ಷಣೆಯನ್ನು ಹಿಡಿದು ಪಶ್ಚಿಮ ಬಂಗಾಳ ಸರ್ಕಾರ ಮಧ್ಯಸ್ಥಿಕೆ ತೀರ್ಪೊಂದರ ಹಣ ಕಟ್ಟದೆ ತಡೆ ಪಡೆದಿತ್ತು. 2019ರಲ್ಲಿ ಪ್ಯಾಮ್ ಡೆವಲಪ್‌ಮೆಂಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮಧ್ಯಸ್ಥಿಕೆಯ ವಿಷಯದಲ್ಲಿ ಸರ್ಕಾರವೂ ಉಳಿದವರಂತೆ ಒಬ್ಬ ಕಕ್ಷಿದಾರ, ಅದಕ್ಕೆ ಪ್ರತ್ಯೇಕ ರಿಯಾಯಿತಿಯಿಲ್ಲ ಎಂದಿತು. ಗುತ್ತಿಗೆದಾರನಿಗೆ ದಕ್ಕಿದ ಈ ಸಮಾನತೆ ಜಮೀನು ಕಳೆದುಕೊಂಡ ರೈತನಿಗೂ ದಕ್ಕಬೇಡವೇ?

ಹಣ ತಡೆದಷ್ಟೂ ಬೊಕ್ಕಸ ಉಳಿಯುತ್ತದೆ ಎಂಬ ಲೆಕ್ಕವೂ ತಪ್ಪು. 1894ರ ಭೂಸ್ವಾಧೀನ ಕಾಯ್ದೆಯ 28ನೇ ಕಲಮಿನಂತೆ ಹೆಚ್ಚಿಸಿದ ಪರಿಹಾರಕ್ಕೆ, ಜಮೀನು ವಶಪಡಿಸಿಕೊಂಡ ದಿನದಿಂದ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ ಬೀಳುತ್ತದೆ. 2013ರ ಹೊಸ ಕಾಯ್ದೆಯಲ್ಲೂ ಇದೇ ದರವಿದೆ. 10 ಲಕ್ಷ ರೂಪಾಯಿ ಹೆಚ್ಚುವರಿ ಪರಿಹಾರದ ಮೇಲೆ ಒಂದು ಮೇಲ್ಮನವಿ ಮೂರು ವರ್ಷ ಕುಳಿತರೆ ಬಡ್ಡಿಯೇ 4.5 ಲಕ್ಷ. ಸಾಲ ತಂದು ಕೊಟ್ಟಿದ್ದರೂ ಸರ್ಕಾರಕ್ಕೆ ಇಷ್ಟು ಖರ್ಚಾಗುತ್ತಿರಲಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯಂಥ ಕಡೆ, ಆಲಮಟ್ಟಿ ಹಿನ್ನೀರಿನ ಹಳ್ಳಿ ಹಳ್ಳಿಗಳಿಂದ ಪ್ರಕರಣಗಳು ಬಂದಾಗ ಈ ಬಡ್ಡಿ ಎಲ್ಲಿಗೆ ಮುಟ್ಟುತ್ತದೆಂದು ಯಾರಾದರೂ ಊಹಿಸಬಹುದು. ಕಟ್ಟುವವರು ತೆರಿಗೆದಾರರು. ಮೇಲ್ಮನವಿಗೆ ಸಹಿ ಹಾಕಿದ ಅಧಿಕಾರಿ ಅಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದು ಕಡಿಮೆ. ಕೋರ್ಟಿನಲ್ಲಿ ಠೇವಣಿ ಇಟ್ಟ ಹಣ ಗೆದ್ದವರಿಗೆ ಕೊಟ್ಟ ಹಣವಲ್ಲ. ತಡೆಯಾಜ್ಞೆಯ ಷರತ್ತಿನಂತೆ ಇಟ್ಟ ಠೇವಣಿಯಿಂದ ಡಿಕ್ರಿ ತೀರಿದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ವಿಮಾ ಕಂಪನಿ ಹಣ ಕಟ್ಟಿದೆ ಎಂಬ ಸುದ್ದಿ ಕೇಳಿ ಗಾಯಾಳುವಿನ ಮನೆಯವರು ಉಸಿರು ಬಿಡುವ ಹೊತ್ತಿಗೆ, ಹಣ ಬಿಡಿಸಿಕೊಳ್ಳಲು ಬ್ಯಾಂಕ್ ಗ್ಯಾರಂಟಿಯನ್ನೋ ಆಸ್ತಿ ಭದ್ರತೆಯನ್ನೋ ತನ್ನಿ ಎನ್ನುವ ಆದೇಶ ಎದುರಾದರೆ ಅವರು ಏನು ಮಾಡಬೇಕು? ದುಡಿಯುವ ಕೈಯನ್ನೇ ಕಳೆದುಕೊಂಡ ಮನೆಗೆ ಯಾವ ಬ್ಯಾಂಕು ಗ್ಯಾರಂಟಿ ಕೊಡುತ್ತದೆ? ಚಿಕಿತ್ಸೆ, ಮಕ್ಕಳ ಶುಲ್ಕ, ಕೈಸಾಲ ಇವೆಲ್ಲ ಮೇಲ್ಮನವಿ ಮುಗಿಯುವವರೆಗೆ ಕಾಯುವುದಿಲ್ಲ.

ಅಪಘಾತ ಪರಿಹಾರದಲ್ಲಿ ಕಾಯ್ದೆ ಕೇಳುವ ಠೇವಣಿಯಾದರೂ ಎಷ್ಟು? ಮೋಟಾರು ವಾಹನ ಕಾಯ್ದೆಯ 173ನೇ ಕಲಮಿನಂತೆ 25 ಸಾವಿರ ರೂಪಾಯಿ ಅಥವಾ ಪರಿಹಾರದ ಅರ್ಧ, ಯಾವುದು ಕಡಿಮೆಯೋ ಅದು. 1988ರ ಮೊತ್ತವಿದು. ತಡೆಯಾಜ್ಞೆ ಕೊಡುವಾಗ ಹೈಕೋರ್ಟುಗಳು ಇದಕ್ಕಿಂತ ಹೆಚ್ಚು ಕಟ್ಟಿಸುತ್ತವೆ ನಿಜ. ಆದರೆ 2019ರ ತಿದ್ದುಪಡಿಯಲ್ಲಿ, ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಯೇ ಇಲ್ಲ ಎಂದು ಮಿತಿ ಏರಿಸಿದ ಸಂಸತ್ತು ಈ 25 ಸಾವಿರವನ್ನು ಹಾಗೆಯೇ ಬಿಟ್ಟಿತು. ಸಣ್ಣ ಪರಿಹಾರ ಸಿಕ್ಕವರ ಮೇಲ್ಮನವಿಯ ದಾರಿಯೂ ಮಿತಿ ಏರಿದ್ದರಿಂದ ಕಿರಿದಾಯಿತು. ದೊಡ್ಡ ಪರಿಹಾರ ಕೊಡಬೇಕಾದವರ ಹೊಣೆ ಮಾತ್ರ ಒಂದು ರೂಪಾಯಿಯೂ ಹೆಚ್ಚಲಿಲ್ಲ.

ಬೇರೆ ಕಡೆ ಇದೇ ಸಂಸತ್ತು ಸರಿಯಾದ ದಾರಿ ಹಿಡಿದಿದೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಶಿಕ್ಷೆಗೊಳಗಾದವರು ಮೇಲ್ಮನವಿ ಹಾಕಿದಾಗ ದಂಡ ಅಥವಾ ಪರಿಹಾರದ ಕನಿಷ್ಠ ಶೇ 20ರಷ್ಟು ಠೇವಣಿ ಇಡಲು ಆದೇಶಿಸುವ ಅಧಿಕಾರವನ್ನು 2018ರಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ ಸೇರಿಸಿದ 148ನೇ ಕಲಂ ನ್ಯಾಯಾಲಯಕ್ಕೆ ಕೊಟ್ಟಿತು. ಮುಖ್ಯವಾದದ್ದು ಅದರ ಮುಂದಿನ ಮಾತು. ಮೇಲ್ಮನವಿ ನಡೆಯುತ್ತಿರುವಾಗಲೇ ಆ ಹಣವನ್ನು ದೂರುದಾರರಿಗೆ ಬಿಡುಗಡೆ ಮಾಡಬಹುದು, ಆರೋಪಿ ಖುಲಾಸೆಯಾದರೆ ಬಡ್ಡಿ ಸಮೇತ ಮರಳಿಸಬೇಕು. ಸಣ್ಣ ಉದ್ದಿಮೆಗಳಿಗೆ ಬಾಕಿ ಉಳಿಸಿಕೊಂಡವರು ತೀರ್ಪನ್ನು ಪ್ರಶ್ನಿಸಬೇಕಾದರೆ ಮೊದಲು ಶೇ 75 ಠೇವಣಿ ಇಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 1984ರಲ್ಲಿ ಜಾರಿಗೆ ಬಂದ 17ಬಿ ಕಲಂ ಇವೆಲ್ಲಕ್ಕಿಂತ ಮಾನವೀಯವಾಗಿತ್ತು. ಕೆಲಸಗಾರನನ್ನು ಮರಳಿ ತೆಗೆದುಕೊಳ್ಳಿ ಎಂಬ ಆದೇಶವನ್ನು ಮಾಲೀಕರು ಹೈಕೋರ್ಟಿನಲ್ಲಿ ಪ್ರಶ್ನಿಸಿದರೆ, ಬೇರೆ ಉದ್ಯೋಗವಿಲ್ಲದ ಆ ಕೆಲಸಗಾರನಿಗೆ ಪ್ರಕರಣ ಮುಗಿಯುವವರೆಗೆ ಕೊನೆಯ ಸಂಬಳವನ್ನು ಕೊಡುತ್ತಲೇ ಇರಬೇಕಿತ್ತು. ಮಾಲೀಕರೇ ಕೊನೆಗೆ ಗೆದ್ದರೂ ಆ ಹಣ ಮರಳಿಸಬೇಕಿಲ್ಲ, ಅದು ಜೀವನಾಧಾರ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಮೇಲ್ಮನವಿ ಗೆದ್ದರೆ ಹಣ ವಾಪಸು ಬರುವುದೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ತೀರ್ಪು ಬದಲಾದರೆ ಪಡೆದದ್ದನ್ನು ಮರಳಿಸಬೇಕೆಂದು ಸಂಹಿತೆಯ 144ನೇ ಕಲಂ ಹೇಳುತ್ತದೆ, ಆದರೆ ಖರ್ಚಾಗಿಹೋದ ಹಣವನ್ನು ಬಡವನಿಂದ ವಸೂಲು ಮಾಡುವುದು ಕಷ್ಟ. ಮೊತ್ತ ಭಾರಿಯಾದರೆ ತೊಂದರೆ ಹಣ ಕೊಡುವವರ ಕಡೆಗೂ ತಿರುಗಬಹುದು. 1985ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಪೆನ್‌ಜಾಯಿಲ್ ಕಂಪನಿಗೆ 1,000 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕೆಂದು ತೀರ್ಪಾದಾಗ, ಟೆಕ್ಸಕೊ ಕಂಪನಿ ಮೇಲ್ಮನವಿಗೆ ಬೇಕಾದ ಬಾಂಡನ್ನು ಹೊಂದಿಸಲಾಗದೆ 1987ರಲ್ಲಿ ದಿವಾಳಿ ರಕ್ಷಣೆಗೆ ಮೊರೆಹೋಯಿತು. ಕೊನೆಗೆ 300 ಕೋಟಿ ಡಾಲರಿಗೆ ರಾಜಿಯಾಯಿತು. ಅಂಥ ಪ್ರಕರಣಗಳಿಗೆ ವಿನಾಯಿತಿ ಇರಲಿ. ಆದರೆ ವಿಮಾ ಕಂಪನಿಗೋ ಸರ್ಕಾರಕ್ಕೋ ಒಂದು ಪರಿಹಾರದ ಹಣದಿಂದ ಇಂಥ ಅಪಾಯವಿಲ್ಲ. ಎಷ್ಟೋ ಕಡೆ ಅವರು ಕೊಡಬೇಕೆಂಬುದೇ ವಿವಾದವಲ್ಲ, ಎಷ್ಟು ಕೊಡಬೇಕೆಂಬುದಷ್ಟೇ ವಿವಾದ. ಸಾವಿರಾರು ಪ್ರಕರಣಗಳಲ್ಲಿ ಒಂದಷ್ಟರ ಹಣ ವಾಪಸು ಬರದಿದ್ದರೆ ಆ ನಷ್ಟವನ್ನು ತಾಳುವ ಶಕ್ತಿ ಅವರಿಗಿದೆ. ಕಾಲು ಕಳೆದುಕೊಂಡ ಕೂಲಿಯವನಿಗೆ ಐದು ವರ್ಷದ ಕಾಯುವಿಕೆಯನ್ನು ತಾಳುವ ಶಕ್ತಿಯಿಲ್ಲ.

ಅಮಲ್ಜಾರಿ ಅರ್ಜಿಗಳನ್ನು 6 ತಿಂಗಳಲ್ಲಿ ಮುಗಿಸಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲೇ. 2025ರಲ್ಲಿ ಅದೇ ಕೋರ್ಟ್ ಲೆಕ್ಕ ಕೇಳಿದಾಗ ದೇಶದಲ್ಲಿ 8.82 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿಯಿದ್ದವು. ಗಡುವು ಹಾಕಿದ್ದರಿಂದಷ್ಟೇ ಇದು ಸರಿಹೋಗಲಿಲ್ಲ.

ಸಂಹಿತೆಯ ಆದೇಶ, ನಿಯಮಗಳನ್ನು ತಿದ್ದುವುದಕ್ಕೆ ದೆಹಲಿಯವರೆಗೆ ಹೋಗಬೇಕಾಗಿಯೂ ಇಲ್ಲ. 122ನೇ ಕಲಂ ಆ ಅಧಿಕಾರವನ್ನು ಹೈಕೋರ್ಟುಗಳಿಗೇ ಕೊಟ್ಟಿದೆ. ಕರ್ನಾಟಕ ಹೈಕೋರ್ಟ್ 41ನೇ ಆದೇಶಕ್ಕೆ ಎರಡು ಮಾತು ಸೇರಿಸಿದರೆ ಸಾಕು. ಮೇಲ್ಮನವಿದಾರರು ತಾವೇ ಒಪ್ಪುವ ಮೊತ್ತವನ್ನು ಮನವಿಪತ್ರದಲ್ಲಿ ಬರೆಯಬೇಕು, 12 ಲಕ್ಷದಲ್ಲಿ 8 ಲಕ್ಷ ಸರಿ ಎನ್ನುವವರು ಆ 8 ಲಕ್ಷವನ್ನು 30 ದಿನದೊಳಗೆ ಗೆದ್ದವರ ಬ್ಯಾಂಕ್ ಖಾತೆಗೇ ಹಾಕಬೇಕು. ಉಳಿದದ್ದರಲ್ಲಿ ಅರ್ಧವನ್ನು ಠೇವಣಿ ಇಟ್ಟು, ಜಮೀನು ಕಳೆದುಕೊಂಡವರಿಗೂ ಗಾಯಾಳುಗಳಿಗೂ ಅದನ್ನು ಭದ್ರತೆ ಕೇಳದೆ ಬಿಡುಗಡೆ ಮಾಡಬೇಕು. ಸರ್ಕಾರಕ್ಕೂ ಈ ನಿಯಮ ಅನ್ವಯಿಸಲೆಂದು 27ನೇ ಆದೇಶದ 8ಎ ವಿನಾಯಿತಿಯನ್ನು ಅದೇ ತಿದ್ದುಪಡಿಯಲ್ಲಿ ತೆಗೆಯಬೇಕು.