ಕೆಂಪು ಹಾಸಿನ ರೈಲು, ರಾತ್ರಿಯೆಲ್ಲ ಎಚ್ಚರವಿದ್ದವರು

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಿಂದ ಸಂಜೆ ಹೊರಟು, ಮರುದಿನ ಬೆಳಿಗ್ಗೆ ನಮ್ಮ ಶಿಕಾಗೊದ ಲಾಸಾಲ್ ಸ್ಟ್ರೀಟ್ ನಿಲ್ದಾಣಕ್ಕೆ ಬರುತ್ತಿದ್ದ ‘ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್’ ರೈಲು ನಿಂತು ಅರ್ಧ ಶತಮಾನಕ್ಕೂ ಹೆಚ್ಚಾಯಿತು. ನಮ್ಮ ಕನ್ನಡ ಕೂಟದ ಹಿರಿಯರಲ್ಲಿ ಹೆಚ್ಚಿನವರು ಈ ದೇಶಕ್ಕೆ ಬಂದಿಳಿಯುವ ಹೊತ್ತಿಗೆ ಅದು ಇರಲಿಲ್ಲ. ಆದರೂ ಈ ಸ್ಮರಣ ಸಂಚಿಕೆಯ ಮೊದಲ ಪುಟ ಅದಕ್ಕೇ ಸಲ್ಲಬೇಕೆಂದು ನನಗೆ ಅನ್ನಿಸಿದೆ.

1902ರ ಜೂನ್‌ನಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಕಂಪನಿ ಈ ರೈಲನ್ನು ಶುರುಮಾಡಿದಾಗ ಸುಮಾರು 960 ಮೈಲಿಯ ದಾರಿಗೆ 20 ಗಂಟೆ ಹಿಡಿಯುತ್ತಿತ್ತು. 1938ರ ಹೊತ್ತಿಗೆ 16 ಗಂಟೆ ಸಾಕಾಯಿತು. ಹಡ್ಸನ್ ನದಿಯ ದಂಡೆ ಹಿಡಿದು ಆಲ್ಬನಿ, ಅಲ್ಲಿಂದ ಮೊಹಾಕ್ ಕಣಿವೆಯಲ್ಲಿ ಪಶ್ಚಿಮಕ್ಕೆ ತಿರುಗಿ, ಆಮೇಲೆ ಈರಿ ಸರೋವರದ ಪಕ್ಕದ ಹಾದಿ. ಎದುರಾಳಿ ಕಂಪನಿಯ ಬ್ರಾಡ್‌ವೇ ಲಿಮಿಟೆಡ್ ರೈಲು ಬೆಟ್ಟ ಹತ್ತಿಳಿದು ಬರಬೇಕಿತ್ತು. ಟ್ವೆಂಟಿಯತ್ ಸೆಂಚುರಿಗೆ ಏರಿನ ಕಾಟವಿರಲಿಲ್ಲ. ‘ನಮ್ಮಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು’ ಎಂದೇ ಕಂಪನಿ ಜಾಹೀರಾತು ಕೊಡುತ್ತಿತ್ತು. ವಿನ್ಯಾಸಕಾರ ಹೆನ್ರಿ ಡ್ರೈಫಸ್ 1938ರಲ್ಲಿ ಇಡೀ ರೈಲಿಗೆ ಹೊಸ ರೂಪ ಕೊಟ್ಟರು. ಗ್ರ್ಯಾಂಡ್ ಸೆಂಟ್ರಲ್‌ನ ಪ್ಲಾಟ್‌ಫಾರಂ ಮೇಲೆ ಪ್ರಯಾಣಿಕರಿಗಾಗಿ ಕೆಂಪು ಜಮಖಾನೆ ಹಾಸುತ್ತಿದ್ದರು. ಹಿಚ್‌ಕಾಕ್‌ನ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಸಿನಿಮಾ ನೋಡಿದವರಿಗೆ ಈ ರೈಲಿನ ವೈಭವ ಗೊತ್ತು.

ಆ ಜಮಖಾನೆಯ ಮೇಲೆ ನಡೆದ ಸಿನಿಮಾ ತಾರೆಯರ, ಶ್ರೀಮಂತರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅವರ ಪೆಟ್ಟಿಗೆ ಹೊತ್ತು, ಹಾಸಿಗೆ ಬಿಡಿಸಿ, ಅವರು ಮಲಗಿದ ಮೇಲೆ ಬೂಟು ತಿಕ್ಕಿ, ಬೆಳಗಿನ ಜಾವ ಮೆಲ್ಲಗೆ ಎಬ್ಬಿಸಿದವರು ಯಾರು? ಸ್ಲೀಪರ್ ಬೋಗಿಗಳ ಕೆಲಸವನ್ನು ಪುಲ್‌ಮನ್ ಕಂಪನಿಯ ಪೋರ್ಟರುಗಳು ಮಾಡುತ್ತಿದ್ದರು, ಬಹುಪಾಲು ಕಪ್ಪು ಜನ. ಸಂಬಳ ಕಡಿಮೆ, ಟಿಪ್ಸೇ ಆಧಾರ. ತಿಂಗಳಿಗೆ 400 ಗಂಟೆಯಷ್ಟು ದುಡಿಮೆ. ಹೆಸರು ಕೂಡ ಅವರಿಗೆ ಉಳಿದಿರಲಿಲ್ಲ: ಕಂಪನಿಯ ಸ್ಥಾಪಕ ಜಾರ್ಜ್ ಪುಲ್‌ಮನ್ ಆದ್ದರಿಂದ ಎಲ್ಲರನ್ನೂ ‘ಜಾರ್ಜ್’ ಎಂದೇ ಕೂಗುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರನ್ನು ಬೇರೆಯವರ ಅನುಕೂಲಕ್ಕೆ ಮೊಟಕು ಮಾಡಿಕೊಂಡಿರುವ ನಮ್ಮವರಿಗೆ ಇದರ ನೋವು ಸ್ವಲ್ಪವಾದರೂ ತಿಳಿದೀತು, ಆದರೆ ಅವರದರ ಮುಂದೆ ನಮ್ಮದು ಏನೂ ಅಲ್ಲ.

1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ ಪೋರ್ಟರುಗಳು ಸಂಘ ಕಟ್ಟಿದರು. ಕಂಪನಿಯಿಂದ ಒಪ್ಪಂದಕ್ಕೆ ಸಹಿ ಬೀಳಲು 12 ವರ್ಷ ಹಿಡಿಯಿತು. ತಿಂಗಳ ದುಡಿಮೆ 240 ಗಂಟೆಗೆ ಇಳಿಯಿತು. ಹೋರಾಟ ಅಲ್ಲಿಗೆ ಮುಗಿಯಲಿಲ್ಲ. ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ ನಡೆದ 1955ರ ಮಾಂಟ್ಗೊಮರಿ ಬಸ್ ಬಹಿಷ್ಕಾರವನ್ನು ಸಂಘಟಿಸಿದವರಲ್ಲಿ ಇ. ಡಿ. ನಿಕ್ಸನ್ ಒಬ್ಬ ಪುಲ್‌ಮನ್ ಪೋರ್ಟರ್. ನಾಗರಿಕ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯ ನೇತೃತ್ವ ವಹಿಸಿದ್ದು ಅದೇ ರಾಂಡಾಲ್ಫ್. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂತು. ಅದೇ ಅಲೆಯಲ್ಲಿ, 1965ರ ಅಕ್ಟೋಬರ್ 3ರಂದು, ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು. ಅದಕ್ಕೂ ಮುಂಚೆ 1946ರ ಕಾನೂನು ಭಾರತಕ್ಕೆ ಕೊಟ್ಟಿದ್ದ ಕೋಟಾ ವರ್ಷಕ್ಕೆ 100 ಜನ. ಕರ್ನಾಟಕದಿಂದ ಹೊರಟ ನಮ್ಮ ಡಾಕ್ಟರುಗಳಿಗೆ, ಎಂಜಿನಿಯರುಗಳಿಗೆ ಇಲ್ಲಿ ನೆಲೆಯೂರಲು ಬಾಗಿಲು ತೆರೆದದ್ದು 1965ರ ಕಾಯಿದೆ. ನಮ್ಮ ಓದು, ನಮ್ಮ ಶ್ರಮ ಎಂದು ಸಮಾರಂಭಗಳಲ್ಲಿ ಹೇಳಿಕೊಳ್ಳುತ್ತೇವೆ. ಆ ಬಾಗಿಲನ್ನು ನಮಗಿಂತ ಮೊದಲು ತಳ್ಳಿದವರಲ್ಲಿ ಈ ರಾತ್ರಿ ರೈಲುಗಳ ಕೆಲಸಗಾರರೂ ಇದ್ದರು ಎಂಬ ಮಾತು ನಮ್ಮ ವೇದಿಕೆಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಅಷ್ಟರಲ್ಲಿ ಟ್ವೆಂಟಿಯತ್ ಸೆಂಚುರಿ ರೈಲಿಗೇ ಕಷ್ಟಕಾಲ. ಜೆಟ್ ವಿಮಾನ, ಹೊಸ ಹೆದ್ದಾರಿಗಳು ಪ್ರಯಾಣಿಕರನ್ನು ಸೆಳೆದುಕೊಂಡವು. 1967ರಲ್ಲಿ ಟಪಾಲಿನ ಗುತ್ತಿಗೆಗಳೂ ಕೈತಪ್ಪಿದವು. ಆ ವರ್ಷದ ಡಿಸೆಂಬರ್ 2ರ ಸಂಜೆ ಅದು ಕೊನೆಯ ಸಲ ನ್ಯೂಯಾರ್ಕ್ ಬಿಟ್ಟಿತು. ಒಹಾಯೊದ ಕಾನಿಯಾಟ್ ಬಳಿ ಗೂಡ್ಸ್ ರೈಲು ಹಳಿ ತಪ್ಪಿದ್ದರಿಂದ ಶಿಕಾಗೊ ತಲುಪುವಾಗ 9 ಗಂಟೆ 50 ನಿಮಿಷ ತಡವಾಗಿತ್ತು.

ಶಿಕಾಗೊದ ದಕ್ಷಿಣ ಭಾಗದಲ್ಲಿ ಪುಲ್‌ಮನ್ ಬಡಾವಣೆಯಿದೆ. ರಾಂಡಾಲ್ಫ್ ಹೆಸರಿನಲ್ಲಿ ಪೋರ್ಟರುಗಳ ವಸ್ತುಸಂಗ್ರಹಾಲಯವಿರುವುದು ಅಲ್ಲೇ. ಮೆಟ್ರಾ ರೈಲಿನಲ್ಲಿ ಹೋಗಿಬರಬಹುದು. ಮುಂದಿನ ವರ್ಷ ಕನ್ನಡ ಶಾಲೆಯ ಮಕ್ಕಳ ಪ್ರವಾಸ ಅಲ್ಲಿಗಾಗಲಿ ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಅರವತ್ತರ ದಶಕದಲ್ಲಿ ಬಂದು ಇಲ್ಲಿನ ರಾತ್ರಿ ರೈಲುಗಳಲ್ಲಿ ಓಡಾಡಿದ ಹಿರಿಯರು ನಮ್ಮಲ್ಲಿ ಯಾರಾದರೂ ಇದ್ದರೆ ಮಕ್ಕಳ ಜೊತೆ ದಯವಿಟ್ಟು ಹೊರಡಿ.